ನಡುಕ ನುಂಗುವ ಕ್ಯಾಮೆರಾ

ಅಂಗಡಿಯ ಹಿಂದಿನ ಕೋಣೆ
ಶುಕ್ರವಾರ, ಹದಿನಾರನೇ ತಾರೀಖು, ಊಟದ ಬಿಡುವು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಎಷ್ಟಿದೆ? "ಪರವಾಗಿಲ್ಲ" ಎಂಬ ಉತ್ತರ ಬೇಡ. ನೂರಮೂರು ಜ್ವರ ಬಂದು ಮಲಗಿದ್ದಾಗಲೂ ನೀನು ಹೇಳಿದ್ದು ಅದನ್ನೇ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತೀಯೋ ಇಲ್ಲವೋ ಅಷ್ಟು ಬರೆ, ಉಳಿದದ್ದನ್ನು ನಾನೇ ಊಹಿಸಿಕೊಳ್ಳುತ್ತೇನೆ. ಚಿಕ್ಕಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಅವಳು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬಿಸ್ಕತ್ತು ಬಚ್ಚಿಡುತ್ತಾಳೆ, ನೀನು ಕಂಡೂ ಕಾಣದ ಹಾಗೆ ಇರುತ್ತೀ, ಇಬ್ಬರೂ ಸೇರಿ ಡಾಕ್ಟರಿಗೆ ಸುಳ್ಳು ಹೇಳುತ್ತೀರಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ನಿಂತಿದೆ, ನಾನೇ ವಾಷರ್ ಬದಲಿಸಿದೆ. ಅಪ್ಪನ ಫೋಟೋದ ಗಾಜನ್ನು ಪ್ರತಿ ಭಾನುವಾರ ಒರೆಸುತ್ತಿದ್ದೇನೆ. ಬಾಲ್ಕನಿಯಲ್ಲಿ ನೀನು ಬಿಟ್ಟುಹೋದ ಮೂರು ಕುಂಡಗಳಲ್ಲಿ ಎರಡು ಒಣಗಿದವು, ಮೂರನೆಯದು ನನ್ನ ಮೇಲಿನ ಹಟಕ್ಕೆ ಬದುಕಿದೆ. ಆ ಗಿಡ ಥೇಟ್ ನಿನ್ನ ಹಾಗೆ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡ. ಕಾರಣ ನೀನೇ. ಫೋನಿನಲ್ಲಿ ಕ್ಯಾಮೆರಾ ಎಂಬ ಮಾತು ಬಂದರೆ ಸಾಕು, "ಹಾಲು ಉಕ್ತಾ ಇದೆ ಕಣೇ, ಇಡ್ತೀನಿ" ಎಂದು ಇಟ್ಟುಬಿಡುತ್ತೀ. ಈ ಏಳು ತಿಂಗಳಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಕ್ಕಿದ ಹಾಲನ್ನೆಲ್ಲ ಒಟ್ಟು ಮಾಡಿದ್ದರೆ ಒಂದು ಕೆರೆ ತುಂಬುತ್ತಿತ್ತು. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ. ಮಡಚಿಟ್ಟರೂ ಅದು ಮೇಜಿನ ಮೇಲೆ ಕಾಯುತ್ತಾ ಕೂತಿರುತ್ತದೆ, ಕೊನೆಗೆ ಚಿಕ್ಕಮ್ಮನಾದರೂ ಗಟ್ಟಿಯಾಗಿ ಓದಿ ನಿನ್ನ ಕಿವಿಗೆ ಹಾಕುತ್ತಾಳೆ. ಅವಳಿಗೂ ಅರ್ಥವಾಗಲಿ ಎಂದು ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ನೀನು ಮೂಗು ಮುರಿಯದೆ ಓದು.

ಆ ಕ್ಯಾಮೆರಾ ಮತ್ತೆ ನಮ್ಮ ಅಂಗಡಿಗೆ ಬಂದಿದೆ. ಹೌದು, ಅದೇ. ಕೈಯ ನಡುಕವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ ಎಂದು ಹೆಸರು ಮಾಡಿದ ಆ ಕರಿಯ ಪೆಟ್ಟಿಗೆ. ಹೋದ ಸಲ ಕಂಪನಿಯವರು ಮಾರುಕಟ್ಟೆಗೆ ಬಿಡುವ ಮೊದಲು ಒಂದೇ ಒಂದನ್ನು ನೋಡಲು ಕೊಟ್ಟಿದ್ದರು, ಅದನ್ನೇ ನೀನು ಸಿನಿಮಾದ ಆ ಆಸ್ಪತ್ರೆ ದೃಶ್ಯ ಹಿಡಿಯಲು ಹೊತ್ತುಕೊಂಡು ಹೋದೆ. ಈ ಸಲ ನಮ್ಮ ಮಾಲೀಕರು ನಾಲ್ಕು ಕೊಂಡು ಸಿನಿಮಾದವರಿಗೆ ಬಾಡಿಗೆಗೆ ಬಿಡಬೇಕೆಂದು ಕುಣಿಯುತ್ತಿದ್ದಾರೆ. ಕೊಳ್ಳುವ ಮುಂಚೆ ಅದರ ಗುಣದೋಷ ನೋಡಿ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಂತು. "ನಿನ್ನ ಹಾಗೆ ತಪ್ಪು ಹುಡುಕೋರು ಬೇರೆ ಯಾರೂ ಇಲ್ಲ" ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ.

ಆ ದಿನದ ಮಾತು ನೀನು ಆಡುವುದಿಲ್ಲ, ನಾನು ಆಡುತ್ತೇನೆ. ಉದ್ದನೆಯ ಆಸ್ಪತ್ರೆ ಪಡಸಾಲೆ, ಎರಡೂ ಕಡೆ ಬಿಳಿ ಟೈಲ್ಸ್ ಗೋಡೆ. ನರ್ಸ್ ಪಾತ್ರದ ನಟಿ ಗಾಲಿಮಂಚ ತಳ್ಳಿಕೊಂಡು ಬರಬೇಕು, ಅದನ್ನು ಬಾಗಿಲಲ್ಲಿ ಬಿಟ್ಟು ಹನ್ನೊಂದು ಮೆಟ್ಟಿಲು ಇಳಿದು ಅಂಗಳಕ್ಕೆ ಹೋಗಬೇಕು, ನೀನು ಅವಳ ಮುಖದ ಎದುರಿಗೆ ಹಿಮ್ಮುಖವಾಗಿ ನಡೆಯುತ್ತಾ ಒಂದೇ ಶಾಟ್‌ನಲ್ಲಿ ಹಿಡಿಯಬೇಕು. ನೀನು ಎಂದಿನಂತೆ ಚಪ್ಪಲಿ ಬಿಟ್ಟೆ, ಮಂಡಿ ಬಗ್ಗಿಸಿದೆ, ಆರು ಟೇಕ್ ಮಾಡಿದೆ. ಆರರಲ್ಲೂ ಟೈಲ್ಸ್ ಗೋಡೆ ಕುಣಿಯಿತು. ಆ ದಪ್ಪ ಕನ್ನಡಕದ ನಿರ್ದೇಶಕ ಕೂಗಾಡಲಿಲ್ಲ, ಕೂಗಾಡಿದ್ದರೆ ನೀನೂ ಎರಡು ಮಾತು ಕೊಟ್ಟು ಊಟಕ್ಕೆ ಹೋಗುತ್ತಿದ್ದೆ. ಅವನು ಹೋಗಿ ಒಂದು ಕುರ್ಚಿ ತಂದು ನಿನ್ನ ಹಿಂದೆ ಹಾಕಿದ. "ಕೂತ್ಕೊಳ್ಳಿ ಅಮ್ಮಾ, ಸುಸ್ತಾಗಿದೀರಿ" ಎಂದ. ಅಷ್ಟು ಜನರ ಎದುರಿಗೆ, ಅಷ್ಟು ಮೆತ್ತಗೆ. ಮೂವತ್ತನಾಲ್ಕು ವರ್ಷ ಶೂಟಿಂಗಿನಲ್ಲಿ ಕುರ್ಚಿ ಮುಟ್ಟದವಳು ಅವತ್ತು ಕೂತೆಯಂತೆ.

ಮುಂದಿನ ಭಾನುವಾರವೇ ನೀನು ಕ್ಯಾಮೆರಾ ಹೊರುವ ಹೆಗಲ ಪ್ಯಾಡನ್ನು ಅಟ್ಟಕ್ಕೆ ಹಾಕಿ ಚಿಕ್ಕಮ್ಮನ ಮನೆಗೆ ಹೊರಟೆ. ನೀನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ನಡುಕ ನುಂಗೋ ಮಿಷನ್‌ನಲ್ಲೂ ನಡುಕ ಕಾಣ್ತು ಅಂದ್ರೆ ಕೈ ಎಷ್ಟು ಹೋಗಿರಬೇಕು ನೋಡು." ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಬೇರೆ ಕ್ಯಾಮೆರಾ ಆಗಿದ್ದರೆ ಕ್ಯಾಮೆರಾ ಸರಿಯಿಲ್ಲ ಎನ್ನಬಹುದಿತ್ತು, ಇದು ನಡುಕ ತೆಗೆಯುವುದಕ್ಕೇ ಹುಟ್ಟಿದ್ದು. ಊರಿನ ಶೂಟಿಂಗ್ ಮಂದಿಯೆಲ್ಲ "ಪಾಪ" ಎಂದರು. ನಿನ್ನನ್ನು ಪಾಪ ಎನ್ನುವ ಕಾಲ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಈಗ ವರದಿಯ ವಿಷಯಕ್ಕೆ ಬರುತ್ತೇನೆ. ಸುಳ್ಳು ಯಾಕೆ ಹೇಳಲಿ, ನಾನು ಆ ಪೆಟ್ಟಿಗೆಯನ್ನು ಹಲ್ಲು ಕಚ್ಚಿಕೊಂಡೇ ತೆರೆದೆ. ಇದರ ಹುಳುಕೆಲ್ಲ ಬಯಲಿಗೆಳೆಯುತ್ತೇನೆ ಎಂದು ಪಟ್ಟು ಹಿಡಿದು ಕೂತೆ. ಮೊದಲ ದಿನವೇ ಮುಖ ಸಪ್ಪಗಾಯಿತು. ಕ್ಯಾಮೆರಾ ಒಳ್ಳೆಯದು ಅಮ್ಮಾ. ಕೈ ಅಲುಗಿದಾಗ ಒಳಗೆ ಚಿತ್ರ ಬೀಳುವ ಸೆನ್ಸರ್ ಫಲಕವೇ ಅಷ್ಟಕ್ಕಷ್ಟೇ ಎದುರು ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ಉದ್ದನೆಯ ಲೆನ್ಸ್ ಹಾಕಿ, ಉಸಿರು ಬಿಗಿಹಿಡಿಯದೆ, ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸಿನ ಬೆರಳಿನ ಉಂಗುರವನ್ನು ಹಿಡಿದೆ. ಮೊಳೆ ಹೊಡೆದ ಹಾಗೆ ನಿಂತಿತು. ನನ್ನಂಥವಳ ಕೈಯಲ್ಲಿ, ನೀನು "ಒಂಟೆ ನಡಿಗೆ" ಎಂದು ಆಡಿಕೊಳ್ಳುವ ನನ್ನ ಕೈಯಲ್ಲಿ. ಬೈಯಬೇಕೆಂದು ಬಾಯಿ ತೆರೆದವಳಿಗೆ ಬೈಯಲು ಏನೂ ಸಿಗಲಿಲ್ಲ. ಅದನ್ನು ಹಾಗೆಯೇ ವರದಿಯಲ್ಲಿ ಬರೆದೆ.

ಎರಡನೇ ದಿನದಿಂದ ಅದರ ಬಣ್ಣ ಸ್ವಲ್ಪ ಸ್ವಲ್ಪವಾಗಿ ಬಯಲಾಯಿತು. ನಿಂತಲ್ಲಿ ನಿಂತರೆ ಅದು ದೇವರಂಥದ್ದು, ನಡೆದರೆ ಮನುಷ್ಯರಂಥದ್ದು. ಹೆಜ್ಜೆ ಹಾಕಿದಾಗ ಮೈ ಮೇಲೆ ಕೆಳಗೆ ಹೋಗುತ್ತದಲ್ಲ, ಅದನ್ನು ಅದು ನುಂಗುವುದಿಲ್ಲ, ಅದನ್ನು ಮಂಡಿಯೇ ನುಂಗಬೇಕು. ನಿಧಾನವಾಗಿ ಪಕ್ಕಕ್ಕೆ ತಿರುಗಿಸಿದರೆ, ನಾನು ಬೇಕೆಂದೇ ತಿರುಗಿಸುತ್ತಿದ್ದೇನೆ ಎಂದು ಅದಕ್ಕೆ ಗೊತ್ತಾಗದೆ, ಮೊದಲು ಹಟ ಮಾಡಿ ಹಿಂದೆಯೇ ಉಳಿಯುತ್ತದೆ, ಆಮೇಲೆ ದಿಢೀರನೆ ಬಿಟ್ಟುಕೊಡುತ್ತದೆ. ಅಗಲ ಲೆನ್ಸ್ ಹಾಕಿದರೆ ಚಿತ್ರದ ಮೂಲೆಗಳು ಬೆಲ್ಲದ ಪಾಕದಂತೆ ಜೋಲುತ್ತವೆ. ಟ್ರೈಪಾಡ್ ಮೇಲಿಟ್ಟು ಸ್ವಿಚ್ ಆರಿಸದಿದ್ದರೆ ಇಲ್ಲದ ನಡುಕವನ್ನು ಹುಡುಕುತ್ತಾ ತಾನೇ ತೇಲುತ್ತದೆ. ನಮ್ಮ ಕಾವಲುಗಾರ ತಾತನ ಕೈಗೆ ಕೊಟ್ಟು ಅಂಗಡಿಯ ಪಡಸಾಲೆಯಲ್ಲಿ ನಡೆಸಿದೆ. ಆಮೇಲೆ ನಾನು ನಡೆದೆ. ಇಬ್ಬರ ಚಿತ್ರವನ್ನೂ ಗೋಡೆಯ ಮೇಲೆ ಹಾಕಿ ನೋಡಿದಾಗ ತಾತ ತನ್ನದೇ ಚಿತ್ರ ನೋಡಿ "ಹಡಗಲ್ಲಿ ಕೂತಂಗೆ ಆಯ್ತದೆ" ಎಂದು ಹೊರಗೆ ಹೋಗಿ ಗಾಳಿ ತೆಗೆದುಕೊಂಡ.

ಮೂರನೇ ದಿನ ಹಳೆಯ ಲೆನ್ಸ್‌ಗಳ ಪರೀಕ್ಷೆ. ನೀನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಬಿಟ್ಟುಹೋದ ಇಪ್ಪತ್ತೆಂಟರ ಲೆನ್ಸ್ ನನ್ನ ಡ್ರಾಯರಿನಲ್ಲೇ ಇತ್ತು. ಚಿಕ್ಕಮ್ಮನಿಗಾಗಿ ಹೇಳುತ್ತೇನೆ: ಹೊಸ ಲೆನ್ಸ್‌ಗಳು ತಾವು ಯಾರು, ಎಷ್ಟರವು ಎಂದು ಕ್ಯಾಮೆರಾಗೆ ತಾವೇ ಹೇಳಿಕೊಳ್ಳುತ್ತವೆ. ಹಳೆಯವು ಮೂಗರು. ಅವನ್ನು ಹಾಕಿದಾಗ "ಇದು ಇಪ್ಪತ್ತೆಂಟು" ಎಂದು ಕ್ಯಾಮೆರಾದ ಮೆನುವಿನಲ್ಲಿ ನಾವೇ ಸಂಖ್ಯೆ ಒತ್ತಬೇಕು. ಆ ಸಂಖ್ಯೆ ನೋಡಿಕೊಂಡು ಅದು ಎಷ್ಟು ಸರಿಯಬೇಕೆಂದು ಲೆಕ್ಕ ಹಾಕುತ್ತದೆ. ಲೆನ್ಸ್ ಸಂಖ್ಯೆ ದೊಡ್ಡದಾದಷ್ಟೂ ಅದು ದೂರದ್ದನ್ನು ಹತ್ತಿರ ಎಳೆದು ತೋರಿಸುತ್ತದೆ, ಕ್ಯಾಮೆರಾ ಅಷ್ಟೂ ಹೆಚ್ಚು ಸರಿಯುತ್ತದೆ. ನಾನು ಅದಕ್ಕೆ ಸ್ವಲ್ಪ ಮೊದಲು ಎಂಬತ್ತೈದರ ಹಳೆಯ ಲೆನ್ಸ್ ಹಾಕಿ ನೋಡುತ್ತಿದ್ದೆ. ಅದನ್ನು ತೆಗೆದು ನಿನ್ನದನ್ನು ಹಾಕಿ, ನಿನ್ನ ಹಾಗೆ ಚಪ್ಪಲಿ ಬಿಟ್ಟು, ಮಂಡಿ ಬಗ್ಗಿಸಿ, ಪಡಸಾಲೆಯಲ್ಲಿ ಹಿಮ್ಮುಖವಾಗಿ ನಡೆದೆ. ಗೋಡೆಯ ಇಟ್ಟಿಗೆಗಳು ಕುಣಿದವು.

ಬರಿಯ ಕುಣಿತ ಅಲ್ಲ ಅಮ್ಮಾ. ಆ ಕುಣಿತ ನನಗೆ ಪರಿಚಯದ್ದು. ಆಗ ಎಡಿಟಿಂಗ್ ಕೋಣೆಯಲ್ಲಿ ನಾನು ನೋಡಿದ ನಿನ್ನ ಟೇಕ್‌ಗಳಲ್ಲೂ ಟೈಲ್ಸ್ ಗೋಡೆ ಕುಣಿದದ್ದು ಹೀಗೇ, ಹೆಜ್ಜೆ ಊರಿದ ಕೂಡಲೇ ಚಿತ್ರ ಎದುರು ದಿಕ್ಕಿಗೆ ಚಿಮ್ಮುತ್ತಿತ್ತು. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಮೆನು ತೆರೆದರೆ ಸಂಖ್ಯೆ ಇನ್ನೂ ಎಂಬತ್ತೈದು ಎಂದೇ ಇತ್ತು. ನಾನು ಬದಲಿಸುವುದನ್ನು ಮರೆತಿದ್ದೆ. ಇಪ್ಪತ್ತೆಂಟು ಎಂದು ಒತ್ತಿ ಮತ್ತೆ ನಡೆದೆ. ಆ ಕುಣಿತ ನಿಂತಿತು, ನನ್ನ ಒಂಟೆ ನಡಿಗೆಯ ತೂಗಾಟ ಮಾತ್ರ ಉಳಿಯಿತು. ಮತ್ತೆ ಎಂಬತ್ತೈದು ಮಾಡಿದೆ, ಮತ್ತೆ ಕುಣಿತ. ಒಂಬತ್ತು ಸಲ ಹೀಗೆ ಮಾಡಿದೆ. ಒಂದು ಹೆಜ್ಜೆ ಸರಿದರೆ ಸಾಕಾದ ಕಡೆ ಆ ಯಂತ್ರ ಮೂರು ಹೆಜ್ಜೆ ಸರಿಯುತ್ತದೆ. ಅದರಲ್ಲಿ ಒಂದು ನಮ್ಮ ಕೈಯ ನಡುಕಕ್ಕೆ ಹೋಯಿತು, ಮಿಕ್ಕ ಎರಡು ಅದು ತಾನೇ ಹುಟ್ಟಿಸಿದ ನಡುಕ. ಕೈಯಲ್ಲಿದ್ದದ್ದರ ಎರಡರಷ್ಟು, ಅದೂ ತಿರುಗಾಮುರುಗಾ.

ಅಲ್ಲಿಂದ ಸೀದಾ ಕತ್ತರಿ ಮಾಮನ ಎಡಿಟಿಂಗ್ ಕೋಣೆಗೆ ಹೋದೆ. ಅವರು ತಮ್ಮ ಮೂಗಿನ ಕೂದಲು ಬಿಟ್ಟು ಬೇರೆ ಏನನ್ನೂ ಕತ್ತರಿಸಿ ಬಿಸಾಡುವವರಲ್ಲ ಎಂದು ನೀನೇ ಹೇಳುತ್ತಿದ್ದೆಯಲ್ಲ. ನಿನ್ನ ಆರು ಟೇಕ್‌ಗಳೂ ಅವರ ಹತ್ತಿರ ಭದ್ರವಾಗಿದ್ದವು. ಆ ಕ್ಯಾಮೆರಾಕ್ಕೆ ಇನ್ನೊಂದು ಚಟ ಇದೆ. ಚಿತ್ರದ ಜೊತೆಗೇ ಫೈಲಿನೊಳಗೆ ತನ್ನ ದಿನಚರಿಯನ್ನೂ ಬರೆದುಕೊಳ್ಳುತ್ತದೆ, ಯಾವ ಸಂಖ್ಯೆ ಒತ್ತಿದ್ದರು, ಹಿಡಿದ ಕೈ ಯಾವ ಕ್ಷಣದಲ್ಲಿ ಎಷ್ಟು ವಾಲಿತು ಎಲ್ಲವನ್ನೂ. ತೆರೆದು ನೋಡಿದೆವು. ಆರೂ ಟೇಕ್‌ಗಳಲ್ಲಿ ಸಂಖ್ಯೆ ಎಂಬತ್ತೈದು. ಹಾಕಿದ್ದು ನಿನ್ನ ಇಪ್ಪತ್ತೆಂಟರ ಲೆನ್ಸ್. ಕತ್ತರಿ ಮಾಮ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. "ಏಳು ತಿಂಗಳು" ಎಂದರು, ಅಷ್ಟೇ.

ಈ ಕಾಗದದ ಜೊತೆ ಒಂದು ಉದ್ದನೆಯ ಪಟ್ಟಿ ಮಡಚಿ ಇಟ್ಟಿದ್ದೇನೆ, ನೆಲದ ಮೇಲೆ ಬಿಡಿಸಿ ನೋಡು. ಅದರಲ್ಲಿ ಮೂರು ಗೆರೆಗಳಿವೆ. ಮೇಲಿನದು ಕಾವಲುಗಾರ ತಾತನ ಕೈ, ಗರಗಸದ ಹಲ್ಲು. ನಡುವಿನದು ನನ್ನದು, ಅದೇನು ಹೆಚ್ಚು ವಾಸಿಯಿಲ್ಲ. ಕೆಳಗಿನದು ನಿನ್ನ ಕೈ, ಆರನೇ ಟೇಕಿನಲ್ಲಿ. ಪಡಸಾಲೆಯ ಉದ್ದಕ್ಕೂ ಸ್ಕೇಲಿಟ್ಟು ಎಳೆದ ಹಾಗಿದೆ, ಯಾರ ನಡಿಗೆಯಲ್ಲೂ ಇರುವ ಕೂದಲೆಳೆಯಷ್ಟು ಅಲುಗಾಟ ಬಿಟ್ಟರೆ; ಟೈಲ್ಸಿನ ನೇರ ಗೆರೆಗಳ ಮೇಲೆ ಯಂತ್ರ ದೊಡ್ಡದು ಮಾಡಿ ತೋರಿಸಿದ್ದು ಅದನ್ನೇ. ಕೊನೆಯಲ್ಲಿ ಸಣ್ಣ ಸಣ್ಣ ಹನ್ನೊಂದು ಉಬ್ಬು ಇವೆಯಲ್ಲ, ಅವು ಮೆಟ್ಟಿಲುಗಳು. ಎಲ್ಲವೂ ಒಂದೇ ಎತ್ತರ, ಒಂದೇ ಅಂತರ. ನಾನು ಅಳತೆ ಮಾಡಿದ್ದೇನೆ. ಮೊದಲ ಟೇಕಿಗಿಂತ ಆರನೆಯದು ಇನ್ನೂ ನೆಟ್ಟಗಿದೆ. ಅರವತ್ತೊಂದು ವರ್ಷದ ಹೆಂಗಸು, ಹನ್ನೆರಡು ಕಿಲೋ ಹೊತ್ತು, ಹಿಮ್ಮುಖವಾಗಿ, ಆರನೇ ಸಲ. ಆ ಪುಟ್ಟ ಪರದೆಯಲ್ಲಿ ಚಿತ್ರ ಕುಣಿಯುವುದನ್ನು ನೀನೂ ನೋಡಿದ್ದೆ, ನಿನ್ನದೇ ತಪ್ಪು ಎಂದುಕೊಂಡು ಸಲ ಸಲಕ್ಕೂ ಇನ್ನಷ್ಟು ಬಿಗಿಹಿಡಿದು ನಡೆದಿದ್ದೀಯ. ಕ್ಯಾಮೆರಾ ಸರಿಯಿದೆಯೇ ಎಂದು ಅಲ್ಲಿ ಒಂದೇ ಒಂದು ಮಾತು ಕೇಳಬಾರದಿತ್ತೇ? ಕೇಳುವುದಿಲ್ಲ, ಬೇರೆಯವರ ಮೇಲೆ ತಪ್ಪು ಹೊರಿಸುವುದು ನಿನ್ನ ಜಾಯಮಾನದಲ್ಲೇ ಇಲ್ಲ. ಅದಕ್ಕೇ ನನಗೆ ನಿನ್ನ ಮೇಲೂ ಸಿಟ್ಟು.

ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ. ಯಾಕೆಂದರೆ ನಾನೂ ನಂಬಿದೆ. ಮಗುವಾಗಿದ್ದಾಗ ನಾನು ನಿನ್ನ ಹೆಗಲ ಮೇಲೆ ನಿದ್ದೆ ಹೋದರೆ ನೀನು ನಾಲ್ಕು ಮಹಡಿ ಇಳಿದರೂ ಎಚ್ಚರವಾಗುತ್ತಿರಲಿಲ್ಲವಂತೆ, ಚಿಕ್ಕಮ್ಮ ಎತ್ತಿಕೊಂಡರೆ ಎರಡನೇ ಮೆಟ್ಟಿಲಿಗೇ ಕಿರುಚುತ್ತಿದ್ದೆನಂತೆ. ನಿನ್ನ ನಡಿಗೆಗೆ ನನಗಿಂತ ಹಳೆಯ ಸಾಕ್ಷಿ ಯಾರಿದ್ದಾರೆ? ಅಂಥವಳು ನೀನು ಹೊರಡುವ ಮುನ್ನಾದಿನ ನಿನ್ನ ಕೈಯಿಂದ ಬಿಸಿನೀರಿನ ಪಾತ್ರೆ ಕಸಿದುಕೊಂಡೆ. "ಕೊಡಮ್ಮಾ, ಚೆಲ್ಲಿಬಿಡ್ತೀಯ" ಎಂದೆ. ನೀನು ಕೊಟ್ಟುಬಿಟ್ಟೆ. ಆ ನಿರ್ದೇಶಕನ ಕುರ್ಚಿಗೂ ನನ್ನ ಆ ಮಾತಿಗೂ ಏನು ವ್ಯತ್ಯಾಸ ಎಂದು ಈ ವಾರವೆಲ್ಲ ಯೋಚಿಸಿದ್ದೇನೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಹೊಟ್ಟೆಗೆ ಹಾಕಿಕೋ.

ವರದಿಯ ಕಥೆ ಕೇಳು. ನಮ್ಮಲ್ಲಿ ಯಾವ ಕ್ಯಾಮೆರಾ ಹೊರಗೆ ಹೋಗುವ ಮುಂಚೆಯೂ ತಪಾಸಣೆ ಮೇಜಿನಲ್ಲಿ ಕೂತವರು ಎಲ್ಲ ಸರಿಪಡಿಸಿ ಒಂದು ಶೀಟ್ ತುಂಬಿ ಸಹಿ ಹಾಕುತ್ತಾರೆ, ನಿನಗೆ ಗೊತ್ತು. ಆ ದಿನದ ಶೀಟ್ ಕಡತದಲ್ಲಿ ಸಿಕ್ಕಿತು. ಲೆನ್ಸ್ ಇಪ್ಪತ್ತೆಂಟು, ಅದರ ಎದುರಿನ ಚೌಕದಲ್ಲೇ ಸಂಖ್ಯೆ ಎಂಬತ್ತೈದು. ಯಾರೋ ಬರೆದು, ಯಾರೋ ಸಹಿ ಹಾಕಿ, ಯಾರೋ ಕಳಿಸಿದ್ದರು. ನಾನು ಇದನ್ನೆಲ್ಲ ವರದಿಗೆ ಸೇರಿಸಿದೆ. ಕ್ಯಾಮೆರಾ ಕೊಳ್ಳಬಹುದು, ಆದರೆ ಹಳೆಯ ಲೆನ್ಸ್ ಹಾಕಿದಾಗ ಸಂಖ್ಯೆ ನೋಡದಿದ್ದರೆ ಇದು ನಡುಕ ನುಂಗುವ ಬದಲು ಉಗುಳುತ್ತದೆ, ಹೀಗೆ ಆದದ್ದು ಏಳು ತಿಂಗಳ ಹಿಂದೆ, ಅದರ ಆರೋಪ ಹೊತ್ತವರು ಇಂಥವರು, ಅವರ ಕೈಯಲ್ಲಿ ತಪ್ಪಿರಲಿಲ್ಲ ಎಂದು ನಿನ್ನ ಹೆಸರು ಹಾಕಿ ಬರೆದೆ. ಮಾಲೀಕರು ಓದಿ ಬೆವರು ಒರೆಸಿಕೊಂಡರು. "ಕ್ಯಾಮೆರಾ ವಿಷಯ ಇರಲಿ, ಹಳೇದನ್ನ ಯಾಕೆ ಕೆದಕ್ತೀಯ? ಕೆದಕಿದ್ರೆ ಮೊದಲು ಯಾರ ಕೈಗೆ ಮಣ್ಣಾಗುತ್ತೆ ಯೋಚನೆ ಮಾಡು" ಎಂದರು. ಮನುಷ್ಯ ಕೆಟ್ಟವರಲ್ಲ, ಅಪ್ಪ ಹೋದಾಗ ನಮ್ಮ ಮನೆಯಲ್ಲಿ ಮೂರು ದಿನ ಕೂತಿದ್ದರು, ಅದನ್ನು ನಾನು ಮರೆತಿಲ್ಲ. ಆದರೂ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದೆ, ಆ ಪುಟ ತೆಗೆಯುವುದಿಲ್ಲ ಎಂದು. ಪುಟ ಬೇಡವಾದರೆ ವರದಿಯೇ ಇಲ್ಲ, ಬೇರೆಯವರ ಕೈಲಿ ಬರೆಸಿಕೊಳ್ಳಿ ಎಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕಂಪನಿಯ ಏಜೆಂಟ್ ಬಂದು ಕೂತ. ನುಣ್ಣಗೆ ಕ್ಷೌರ ಮಾಡಿಕೊಂಡು, ಮಾತಿಗೊಂದು ನಗೆ ನಗುತ್ತಾ, ವರದಿಯ ಕೊನೆಗೆ ಒಂದು ಸಾಲು ಸೇರಿಸಿ ಎಂದ: "ಈ ಕ್ಯಾಮೆರಾ ಹಿಡಿಯಲು ನುರಿತ ಕೈ ಬೇಕಿಲ್ಲ." ಮುಂದಿನ ಗುರುವಾರ ಸಿನಿಮಾದವರನ್ನೆಲ್ಲ ಕರೆದು ಅಂಗಡಿಯಲ್ಲೇ ತೋರಿಸುತ್ತಾರಂತೆ, ಹುಟ್ಟಿದಂದಿನಿಂದ ಕ್ಯಾಮೆರಾ ಮುಟ್ಟದ ತನ್ನ ಕಾರಿನ ಡ್ರೈವರ್ ಕೈಗೆ ಕೊಟ್ಟು ಪಡಸಾಲೆಯಲ್ಲಿ ನಡೆಸುತ್ತಾನಂತೆ. ನಾನು ಅವನ ಬೆಣ್ಣೆ ಮಾತಿಗೆ ಸೊಪ್ಪು ಹಾಕಲಿಲ್ಲ. ನಡೆಸಿ ಸ್ವಾಮಿ, ಚೆನ್ನಾಗಿ ನಡೆಸಿ, ಆದರೆ ಅವರ ಹಿಂದೆಯೇ ಇನ್ನೊಬ್ಬರು ಅದೇ ಕ್ಯಾಮೆರಾ ಹಿಡಿದು, ನಡುಕ ನುಂಗುವ ಸ್ವಿಚ್ಚನ್ನು ಆರಿಸಿ, ಅದೇ ಪಡಸಾಲೆಯಲ್ಲಿ ನಡೆಯುತ್ತಾರೆ, ಹಿತ್ತಲ ಮೆಟ್ಟಿಲನ್ನೂ ಇಳಿಯುತ್ತಾರೆ, ಎರಡೂ ಚಿತ್ರಗಳನ್ನು ಅಕ್ಕಪಕ್ಕ ಹಾಕೋಣ, ಆಮೇಲೆ ನಿಮ್ಮ ಸಾಲು ಸೇರಿಸಬೇಕೋ ಬೇಡವೋ ನೋಡೋಣ ಎಂದೆ. ಯಾರು ಆ ಇನ್ನೊಬ್ಬರು ಎಂದು ಕೇಳಿದ. ನನ್ನ ತಾಯಿ ಎಂದೆ. ಹೆಸರು ಪಟ್ಟಿಯಲ್ಲಿ ಬರೆದೂ ಆಯಿತು.

ನಿನ್ನನ್ನು ಒಂದು ಮಾತು ಕೇಳದೆ ಬರೆದೆ. ಕೇಳಿದ್ದರೆ ಹಾಲು ಉಕ್ಕುತ್ತಿತ್ತು. ಮಂಡಿ ನೋವು, ವಯಸ್ಸು, ಏಳು ತಿಂಗಳು ಮುಟ್ಟಿಲ್ಲ, ಜನ ಏನೆನ್ನುತ್ತಾರೆ, ಇವೆಲ್ಲವನ್ನೂ ನಾನು ಮೊದಲೇ ಕೇಳಿಸಿಕೊಂಡೆ ಎಂದು ತಿಳಿದುಕೋ, ಯಾವುದಕ್ಕೂ ನಾನು ಜಗ್ಗುವವಳಲ್ಲ. ಕೆಲಸ ಬಿಡುವುದಿದ್ದರೆ ಬಿಡು, ವಿಶ್ರಾಂತಿ ಬೇಕೆನಿಸಿ ಬಿಡು, ಚಿಕ್ಕಮ್ಮನ ಜೊತೆ ಬಿಸ್ಕತ್ತು ತಿನ್ನಬೇಕೆನಿಸಿ ಬಿಡು. ಒಂದು ತಪ್ಪು ಸಂಖ್ಯೆಗೆ ತಲೆಬಾಗಿ ಬಿಡುವುದನ್ನು ನಾನು ಒಪ್ಪುವುದಿಲ್ಲ. ಹೆಗಲ ಪ್ಯಾಡನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿದ್ದೇನೆ. ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು, ಹೊಲಿದಿದ್ದೇನೆ. ಹೊಲಿಗೆ ಸೊಟ್ಟಗಿದೆ, ಚಿಕ್ಕಮ್ಮನಿಗೆ ತೋರಿಸಬೇಡ. ಆ ದಪ್ಪ ಕನ್ನಡಕದ ನಿರ್ದೇಶಕನಿಗೂ ನಿನ್ನ ಗೆರೆಯನ್ನು ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಮಾಡಿ ಮೂರು ಸಲ ಕ್ಷಮೆ ಕೇಳಿದ. ನನ್ನ ಹತ್ತಿರ ಕೇಳಿ ಏನು ಪ್ರಯೋಜನ ಎಂದೆ. ಗುರುವಾರ ಬರುತ್ತಾನಂತೆ. ಬನ್ನಿ, ಕುರ್ಚಿ ಮಾತ್ರ ಮುಟ್ಟಬೇಡಿ ಎಂದೆ.

ಬುಧವಾರ ಮಧ್ಯಾಹ್ನದ ಬಸ್ಸಿಗೆ ಕಿಟಕಿ ಪಕ್ಕದ ಸೀಟು ಹಿಡಿ, ಸಂಜೆ ಆರಕ್ಕೆ ನಿಲ್ದಾಣದಲ್ಲಿ ನಾನಿರುತ್ತೇನೆ. ಚಿಕ್ಕಮ್ಮನನ್ನೂ ಕರೆದುಕೊಂಡು ಬಾ, ಡ್ರಾಯರ್ ಸಮೇತ ಬರಲಿ. ಅವಳಿಗೆ ನನ್ನ ನಮಸ್ಕಾರ ಹೇಳು. ಕತ್ತರಿ ಮಾಮ ಮತ್ತು ಕಾವಲುಗಾರ ತಾತ ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ಮಂಡಿಗೆ ರಾತ್ರಿ ಬಿಸಿ ಶಾಖ ಕೊಡು, ಮರೆಯಬೇಡ. ನಿನ್ನ ಆಶೀರ್ವಾದ ನನಗೆ ಬೇಕು, ಈ ವಾರ ಸ್ವಲ್ಪ ಹೆಚ್ಚಾಗಿಯೇ ಬೇಕು.

ನಿನ್ನ ಮಗಳು,
ಇಲಿಮರಿ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿರುವುದು ಅದಕ್ಕೇ. ಮೇಲೆ "ಯಾರೋ" ಎಂದು ಮೂರು ಸಲ ಬರೆದೆನಲ್ಲ, ಆ ಯಾರೋ ನಾನೇ. ನೀನು ಆಗಲೇ ಊಹಿಸಿರುತ್ತೀ. ಶೀಟಿನ ಎಂಬತ್ತೈದು ನನ್ನ ಕೈಬರಹ, ಸಹಿ ನನ್ನದು. ಶೂಟಿಂಗಿನ ಹಿಂದಿನ ದಿನ ಎಂಬತ್ತೈದರ ಲೆನ್ಸ್ ಹಾಕಿ ನೋಡಿದ್ದೆ, ಬೆಳಿಗ್ಗೆ ನಿನ್ನದನ್ನು ಹಾಕಿದೆ, ಸಂಖ್ಯೆ ಬದಲಿಸಲಿಲ್ಲ. ಮೆನುವಿನಲ್ಲಿ ಕಂಡದ್ದನ್ನು ಕಣ್ಣು ಮುಚ್ಚಿಕೊಂಡು ಶೀಟಿಗೆ ಇಳಿಸಿದೆ. ನೀನು ಬಾಗಿಲಲ್ಲಿ ನಿಂತು "ಎಲ್ಲಾ ನೋಡಿದೀಯಾ?" ಎಂದು ಕೇಳಿದ್ದೆ. "ನೋಡಿದೀನಿ, ಹೋಗಮ್ಮಾ" ಎಂದಿದ್ದೆ. ಮಾಲೀಕರು ಆ ಶೀಟ್ ಹರಿದುಹಾಕು, ನಿನ್ನ ಕೆಲಸವಾದರೂ ಉಳಿಯಲಿ ಎಂದರು. ಹರಿಯಲಿಲ್ಲ. ವರದಿಯ ಕೊನೆಯ ಪುಟಕ್ಕೆ ಪಿನ್ ಮಾಡಿದ್ದೇನೆ, ಗುರುವಾರ ಎಲ್ಲರ ಎದುರು ನಾನೇ ಓದುತ್ತೇನೆ. ಆಮೇಲೆ ಈ ಮೇಜು ನನಗೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅವರೆಲ್ಲರ ಎದುರು ದೊಡ್ಡ ಬಾಯಿ ಮಾಡಿದವಳಿಗೆ ನಿನಗೊಬ್ಬಳಿಗೆ ಹೇಳಲು ಇಷ್ಟು ಪುಟ ಬೇಕಾಯಿತು. ಬೈಯುವುದಿದ್ದರೆ ಬಂದು ಬೈ, ಕ್ಯಾಮೆರಾ ಹೆಗಲಿಗೇರಿಸಿಕೊಂಡೇ ಬೈ. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಒಲೆ ಆರಿಸಿ ಬಾ.